ರೊಟ್ಟಿ-ಚಟ್ನಿಯ ಲೆಕ್ಕಪತ್ರ

ಕನ್ನಡ ನಾಡಿನಲ್ಲಿ ಪಾಕಗ್ರಂಥಗಳಿಗೆ ಕೊರತೆಯಿಲ್ಲ. ೧೧ನೆಯ ಶತಮಾನದ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಬಾವಿ ತೋಡುವ, ಗಿಡ ಬೆಳೆಸುವ ವಿಚಾರಗಳ ಜೊತೆಗೆ ಅಡಿಗೆಗೂ ಒಂದು ಅಧ್ಯಾಯವನ್ನು ಮೀಸಲಿಟ್ಟನು. ೧೨ನೆಯ ಶತಮಾನದ ಮೊದಲರ್ಧದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಹೊರಬಿದ್ದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಜನದ ವಿವರ ಸಾಕಷ್ಟಿದೆ. ೧೬ನೆಯ ಶತಮಾನದ ಆರಂಭದ ಮಂಗರಸನಂತೂ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ಹೆಣೆದನು. ಇವನ್ನು ತಿರುವಿಹಾಕುವಾಗ ಬಾಯಲ್ಲಿ ನೀರೂರುವುದು ನಿಜ. ಆದರೆ ಇಷ್ಟಕ್ಕೆಲ್ಲ ಖರ್ಚು ಎಷ್ಟು ಬಂದಿತು, ಬೀಸಿದವರು ಯಾರು, ಒಲೆಯ ಮುಂದೆ ಎಷ್ಟು ತಾಸು ಕುಳಿತರು ಎಂಬ ಮಾತು ಮಾತ್ರ ಅಲ್ಲಿ ದೊರೆಯುವುದಿಲ್ಲ. ಅರಮನೆಯ ಅಡಿಗೆಮನೆಗೆ ಆ ಚಿಂತೆ ಇರಲಿಲ್ಲ. ಆ ಚಿಂತೆ ಇದ್ದ ಮನೆಗಳ ಅಡಿಗೆಯನ್ನು ಬರೆದಿಡುವ ಕವಿ ಹುಟ್ಟಲಿಲ್ಲ.

ಹಾಗಾದರೆ ಹುಬ್ಬಳ್ಳಿ-ಧಾರವಾಡದ ಕಡೆ ಸಾಮಾನ್ಯ ಜನರು ಅಗ್ಗವಾಗಿ ಹೊಟ್ಟೆ ತುಂಬಿಸಿಕೊಂಡ ಬಗೆಗೆ ಚರಿತ್ರೆಯೇ ಇಲ್ಲವೆ? ಇದೆ. ಅದು ಶಬ್ದಗಳಲ್ಲಿ, ಸರಕಾರದ ದಫ್ತರಗಳಲ್ಲಿ, ಹಳಬರ ನೆನಪುಗಳಲ್ಲಿ ಚದುರಿ ಬಿದ್ದಿದೆ. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನಾನು ಅದನ್ನು ಆಯ್ದು ಒಂದೆಡೆ ಇಟ್ಟು ನೋಡುವ ಹವ್ಯಾಸ ಹಚ್ಚಿಕೊಂಡಿದ್ದೇನೆ. ಅದರಲ್ಲಿ ಕಂಡದ್ದನ್ನು ಓದುಗರ ಮುಂದೆ ಇಡುತ್ತೇನೆ.

ಮೊದಲು ಜೋಳವನ್ನೇ ತೆಗೆದುಕೊಳ್ಳೋಣ. ಇದು ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದ ಕಡೆಯಿಂದ ಬಂದು ನಮ್ಮ ಎರೆಭೂಮಿಯಲ್ಲಿ ಬೇರೂರಿದ ಧಾನ್ಯ. ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳ ಉಂಡ ಭಟನು ಆ ಋಣವನ್ನು ರಣದಲ್ಲಿ ಪ್ರಾಣ ಕೊಟ್ಟಾದರೂ ತೀರಿಸಬೇಕೆಂಬ ಕಟ್ಟಳೆ ಅದು. ಅನ್ನಋಣವೆಂದು ನಾವು ಈಗ ಅನ್ನುವುದನ್ನು ಆ ಕಾಲದವರು ಜೋಳದ ಹೆಸರಿನಲ್ಲಿ ಅಂದರು. ನಾಡಿನ ಮುಖ್ಯ ಆಹಾರ ಯಾವುದಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಧಾರವಾಡವು ಮಲೆನಾಡೂ ಬೆಳವಲನಾಡೂ ಕೈಕೂಡಿಸುವ ಸೀಮೆಯಲ್ಲಿದೆ. ಪಡುವಣಕ್ಕೆ ಕಲಘಟಗಿಯ ಕಡೆ ಹೋದರೆ ಭತ್ತ, ಮೂಡಣಕ್ಕೆ ನವಲಗುಂದದ ಕಡೆ ಹೋದರೆ ಜೋಳ. ಬೆಳವಲದವರಿಗೆ ಜೋಳ ಅಗ್ಗವಾದದ್ದು ಸುಮ್ಮನೆ ಅಲ್ಲ. ಮಳೆಗಾಲ ಮುಗಿಯುತ್ತ ಬಿತ್ತಿದ ಹಿಂಗಾರಿ ಜೋಳವು ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಬೆಳೆಯುತ್ತದೆ. ತೆನೆ ಮನುಷ್ಯನಿಗಾದರೆ ಕಣಿಕೆ ಎತ್ತಿಗೆ. ಕಾಳನ್ನು ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚಿದರೆ ವರ್ಷಗಳ ಮೇಲೆಯೂ ತೆಗೆದು ಉಣ್ಣಬಹುದು. ಒಂದೇ ಬೆಳೆಯಲ್ಲಿ ಮನೆ, ದನ, ಬರಗಾಲ ಮೂರಕ್ಕೂ ಸಿದ್ಧತೆಯಾಗುತ್ತಿತ್ತು.

ಆದರೆ ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿನ ಅಂಟಿಲ್ಲ. ತಣ್ಣೀರಿನಲ್ಲಿ ಕಲಸಿ ಬಡಿದರೆ ಅಂಚು ಸೀಳುತ್ತದೆ. ಅದಕ್ಕಾಗಿಯೇ ನಮ್ಮ ಹೆಣ್ಣುಮಕ್ಕಳು ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು ನಾದುವರು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರ್ಧ ಬೆಂದು ಅಂಟು ಹುಟ್ಟುತ್ತದೆ, ರೊಟ್ಟಿ ಹಂಚಿಗೆ ಹೋಗುವತನಕ ಒಡೆಯದೆ ನಿಲ್ಲುತ್ತದೆ. ಹಂಚಿನ ಮೇಲೆ ಹಾಕಿದ ಮೇಲೆ ಬಟ್ಟೆಯಿಂದ ನೀರು ಸವರುವುದೂ ಹೀಗೆಯೇ ಅನುಭವದಿಂದ ಕಂಡುಕೊಂಡ ಉಪಾಯ. ಬೆಂದ ರೊಟ್ಟಿಯನ್ನು ಒಲೆಯ ಬದಿಗೆ ನಿಲ್ಲಿಸಿ ತೇವವೆಲ್ಲ ಆರಿಸಿದರೆ ಅದು ಖಡಕ್ ರೊಟ್ಟಿ. ತೇವವಿಲ್ಲದ್ದರಿಂದ ಬೂಸು ಹಿಡಿಯುವುದಿಲ್ಲ. ವಾರ, ತಿಂಗಳು ಇಟ್ಟರೂ ಕೆಡುವುದಿಲ್ಲ. ಒಂದು ದಿನ ಒಲೆ ಹೊತ್ತಿಸಿ ಎಂಟು ದಿನ ಉಣ್ಣುವ ಈ ಪದ್ಧತಿಯಲ್ಲಿ ಉರುವಲದ ಉಳಿತಾಯ ಎಷ್ಟೆಂಬುದನ್ನು ಬೆಳವಲದವರೇ ಬಲ್ಲರು. ಅಲ್ಲಿ ಕಾಡಿಲ್ಲ, ಕಟ್ಟಿಗೆಯಿಲ್ಲ. ಹತ್ತಿಯ ಕಟ್ಟಿಗೆ, ತೊಗರಿಯ ಕಟ್ಟಿಗೆ, ಕುಳ್ಳು ಇವೇ ಉರುವಲು.

ರೊಟ್ಟಿಯ ಜೊತೆಗಾರರನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿಗಳು ಒಮ್ಮೆ ಕುಟ್ಟಿಟ್ಟರೆ ತಿಂಗಳುಗಟ್ಟಲೆ ಬಾಳುತ್ತವೆ. ಹಕ್ಕರಕಿ, ಮೆಂತೆ, ಉಳ್ಳಾಗಡ್ಡಿಗಳನ್ನು ಹಸಿಯಾಗಿಯೇ ತಿನ್ನುವುದರಿಂದ ಒಲೆಯ ಗೊಡವೆಯೇ ಇಲ್ಲ. ಹಬ್ಬದ ದಿನ ಹೋಳಿಗೆಗೆಂದು ಕಡಲೆಬೇಳೆ ಬೇಯಿಸಿದರೆ ಬಸಿದ ಕಟ್ಟು ಸಾರಾಗುತ್ತದೆ. ನಿನ್ನೆಯ ರೊಟ್ಟಿ ಉಳಿದರೆ ಮುರಿದು ಒಗ್ಗರಣೆ ಕೊಟ್ಟರಾಯಿತು. ಜೋಳ, ಕಾಳುಪಲ್ಲೆ, ಹಸಿಸೊಪ್ಪು, ಮಜ್ಜಿಗೆ ಕೂಡಿದ ಊಟದಲ್ಲಿ ಶರೀರಕ್ಕೆ ಬೇಕಾದುದು ಬಹುಮಟ್ಟಿಗೆ ಇದೆಯೆಂದು ಆಹಾರಶಾಸ್ತ್ರ ಬಲ್ಲವರೂ ಒಪ್ಪುವರು.

ಇದೆಲ್ಲ ಅನಾದಿಯಿಂದ ಬಂದದ್ದೆಂದು ಹೆಮ್ಮೆಪಡುವ ಗೆಳೆಯರಿಗೆ ಒಂದು ಮಾತು ಹೇಳಬೇಕು. ಮೆಣಸಿನಕಾಯಿ ಅಮೆರಿಕ ಖಂಡದ ಸಸ್ಯ. ೧೬ನೆಯ ಶತಮಾನದಲ್ಲಿ ಪೋರ್ತುಗೀಜರ ಮೂಲಕ ಈ ದೇಶಕ್ಕೆ ಬಂದದ್ದು. ಮೆಣಸಿನಂತೆ ಖಾರವಾದ ಕಾಯಿಯೆಂದು ನಮ್ಮವರು ಹೆಸರಿಟ್ಟುದರಲ್ಲಿಯೇ ಅದರ ಹೊಸತನ ಗೊತ್ತಾಗುತ್ತದೆ. ಸೋಮೇಶ್ವರ ದೊರೆ ಬ್ಯಾಡಗಿ ಮೆಣಸಿನಕಾಯಿಯ ರುಚಿ ಕಂಡವನಲ್ಲ. ಬಟಾಟಿಯ ಹೆಸರೇ ಪೋರ್ತುಗೀಜ್ ಮಾತಿನದು. ಶೇಂಗಾ ಕೂಡ ಅಮೆರಿಕ ಮೂಲದ್ದೇ. ನಮ್ಮ ಹೊಲಗಳಲ್ಲಿ ಅದು ಹೆಚ್ಚಾಗಿ ಹರಡಿದ್ದು ೧೯ನೆಯ ಶತಮಾನದ ಕೊನೆಯ ಭಾಗ ಮತ್ತು ೨೦ನೆಯ ಶತಮಾನದ ಮೊದಲ ದಶಕಗಳಲ್ಲಿ. ಅಂದಮೇಲೆ ರೊಟ್ಟಿ ಪುರಾತನವಾದರೂ ಶೇಂಗಾ ಚಟ್ನಿ ನಮ್ಮ ಮುತ್ತಜ್ಜಿಯರ ಕಾಲದ ಹೊಸ ಸಂಶೋಧನೆ. ಬಡವರ ಅಡಿಗೆಮನೆ ಹೊಸದನ್ನು ಬೇಡವೆನ್ನಲಿಲ್ಲ. ಅಗ್ಗವಾಗಿ ಸಿಕ್ಕದ್ದನ್ನು, ಕೆಡದೆ ಉಳಿಯುವುದನ್ನು ಆರಿಸಿಕೊಂಡು ತನ್ನದನ್ನಾಗಿ ಮಾಡಿಕೊಂಡಿತು.

ಅದಿರಲಿ. ಮನೆಯ ಹೆಂಗಸರಲ್ಲದೆ ಇನ್ನೊಬ್ಬರೂ ಒಮ್ಮೆ ಅಗ್ಗದ ಊಟದ ಲೆಕ್ಕ ಹಾಕಿದರು. ಅದು ಸರಕಾರ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯೂ ಬೆಂದಿತು. ಕೆರೆ ತೋಡುವ, ರಸ್ತೆ ಹಾಕುವ ಬರಗಾಲದ ಕೆಲಸಗಳಿಗೆ ಜನ ಬಂದು ನಿಂತರು. ಅವರಿಗೆ ಕೊಡುವ ಕೂಲಿ ಎಷ್ಟಿರಬೇಕು? ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕಟ್ಟಿದ ಲೆಕ್ಕ ಇದು: ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಅಲ್ಪಸ್ವಲ್ಪ ಕಾಸು. ಇಂದಿನ ತೂಕದಲ್ಲಿ ಸುಮಾರು ೪೫೦ ಗ್ರಾಂ. ಜೋಳವಾದರೆ ಸುಮಾರು ೧,೬೦೦ ಕ್ಯಾಲೊರಿ. ದಿನವಿಡೀ ಮಣ್ಣು ಹೊರುವ ಆಳಿಗೆ ಇದರ ಹೆಚ್ಚುಕಡಿಮೆ ಎರಡು ಪಟ್ಟು ಬೇಕು.

ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಈ ಪಡಿಯನ್ನು ಬಹಿರಂಗವಾಗಿ ವಿರೋಧಿಸಿದರು. ಮುಂಬಯಿ ಪ್ರಾಂತದಲ್ಲಿ ಕೂಲಿಗಳು ಈ ಕೂಲಿ ಒಲ್ಲೆವೆಂದು ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರಕಾರಕ್ಕೆ ಬರೆದುಕೊಂಡಿತು. ಮದರಾಸಿನಲ್ಲಿ ಕೆಲವು ತಿಂಗಳಲ್ಲಿಯೇ ಪಡಿಯನ್ನು ಹೆಚ್ಚಿಸಬೇಕಾಯಿತು. ೧೮೭೨ರ ಜನಗಣತಿಗೆ ಹೋಲಿಸಿದರೆ ೧೮೮೧ರ ಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು. ಮನೆಯ ಹೆಂಗಸು ಅಗ್ಗದ ಊಟವೆಂದರೆ ಹೊಟ್ಟೆ ತುಂಬಿಸಿ ಖರ್ಚು ಹೇಗೆ ಉಳಿಸುವುದೆಂದು ಯೋಚಿಸುವಳು. ಸರಕಾರವು ಎಷ್ಟು ಕಡಿಮೆ ಕೊಟ್ಟರೆ ಮನುಷ್ಯ ಸಾಯುವುದಿಲ್ಲವೆಂದು ಯೋಚಿಸಿತು. ಎರಡೂ ಉಳಿತಾಯವೇ, ಆದರೆ ಎರಡನ್ನೂ ಒಂದೇ ಹೆಸರಿನಿಂದ ಕರೆಯಲು ನನಗೆ ಮನಸ್ಸು ಬಾರದು.

ಇನ್ನು ನಮ್ಮ ಊರಿಗೆ ಬರೋಣ. ೧೮೮೦ರ ದಶಕದಲ್ಲಿ ರೈಲು ಬಂದು ಹುಬ್ಬಳ್ಳಿಯು ಕಾರಖಾನೆಯ ಊರಾಯಿತು. ಧಾರವಾಡವು ಶಾಲೆಗಳ ಊರಾಗಿ ಬೆಳೆಯಿತು. ೧೯೧೭ರಲ್ಲಿ ಕರ್ನಾಟಕ ಕಾಲೇಜು ಹುಟ್ಟಿತು, ೧೯೪೭ರಲ್ಲಿ ಕೃಷಿ ಕಾಲೇಜು, ೧೯೫೦ರ ಹೊತ್ತಿಗೆ ಕರ್ನಾಟಕ ವಿಶ್ವವಿದ್ಯಾಲಯ. ಹಳ್ಳಿಗಳಿಂದ ಬಂದ ಹುಡುಗರಿಗೆ ವಿದ್ಯೆ ಸಿಕ್ಕಿತು. ಊಟ?

ಒಂದು ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಓದುವುದು. ಇದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗಷ್ಟೇ ತೆರೆದ ಬಾಗಿಲು. ಎರಡನೆಯದು ಮಠಗಳ ದಾಸೋಹ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಬಡ ವಿದ್ಯಾರ್ಥಿಗಳ ಸಂಖ್ಯೆ ಸಾವಿರಗಳಲ್ಲಿದೆ. ಯಾವ ಮನೆಯ ಪಂಕ್ತಿಯಲ್ಲಿಯೂ ಸ್ಥಳವಿಲ್ಲದ ಮಕ್ಕಳಿಗಾಗಿ ಹುಬ್ಬಳ್ಳಿಯಲ್ಲಿ ಸರ್ದಾರ್ ವೀರನಗೌಡ ಪಾಟೀಲ ಮತ್ತು ನಾಗಮ್ಮ ಪಾಟೀಲ ದಂಪತಿಗಳು ಹರಿಜನ ಬಾಲಿಕಾಶ್ರಮವನ್ನು ಕಟ್ಟಿದರು. ದುಡ್ಡಿದ್ದವರಿಗೆ ಖಾನಾವಳಿಗಳಿದ್ದವು. ಇವಾವುವೂ ಒದಗದವರಿಗೆ ಉಳಿದದ್ದು ಬಾಡಿಗೆಯ ಕೋಣೆ, ಒಂದು ಸ್ಟೋವು, ಮತ್ತು ಊರಿನಿಂದ ಬರುವ ಬುತ್ತಿ.

ನಾನು ಈ ಕೊನೆಯ ಪಂಗಡದವನು. ನವಲಗುಂದ ತಾಲೂಕಿನ ಹಳ್ಳಿಯಿಂದ ಧಾರವಾಡಕ್ಕೆ ಬಂದದ್ದು ೧೯೬೮ರಲ್ಲಿ. ಒಂದು ಕೋಣೆಯಲ್ಲಿ ಮೂವರು ಇದ್ದೆವು. ವಾರಕ್ಕೆರಡು ಸಲ ಮೂವರ ಮನೆಯಿಂದಲೂ ಬಸ್ಸಿನ ಮೇಲೆ ಬುತ್ತಿಯ ಗಂಟು ಬರುತ್ತಿತ್ತು. ಬಿಳಿಯ ಅರಿವೆಯಲ್ಲಿ ಕಟ್ಟಿದ ರೊಟ್ಟಿ, ಡಬ್ಬಿಯಲ್ಲಿ ಚಟ್ನಿಪುಡಿ, ಒಮ್ಮೊಮ್ಮೆ ಎಣ್ಣೆಗಾಯಿ. ಕಂಡಕ್ಟರನು ಗಂಟುಗಳ ಮೇಲಿನ ಹೆಸರು ಓದಿ ಕೂಗುತ್ತಿದ್ದ. ಬುತ್ತಿಗೆ ಟಿಕೆಟ್ಟು ಕೇಳಿದ ಕಂಡಕ್ಟರನನ್ನು ನಾನು ಕಾಣಲಿಲ್ಲ. ಕೋಣೆಯಲ್ಲಿ ಬತ್ತಿಯ ಸ್ಟೋವಿನ ಮೇಲೆ ನುಚ್ಚನ್ನೋ ಅನ್ನವನ್ನೋ ಒಂದು ಹೊತ್ತು ಬೇಯಿಸುವುದು. ಚಿಮಣಿ ಎಣ್ಣೆ ತೀರಿದರೆ ಅದೂ ಇಲ್ಲ. ಸಂತೆ ಏಳುವ ಹೊತ್ತಿಗೆ ಹೋದರೆ ಕಾಯಿಪಲ್ಲೆ ಅರ್ಧ ಬೆಲೆಗೆ ಸಿಗುತ್ತಿತ್ತು. ತಿಂಗಳ ಕೊನೆಗೆ ಮೂವರೂ ಲೆಕ್ಕದ ಪುಸ್ತಕ ತೆಗೆದು ಕುಳಿತು, ಊಟಕ್ಕೆ ಖರ್ಚಾದದ್ದು ಎಷ್ಟು ಕಡಿಮೆಯೆಂದು ಬೀಗುತ್ತಿದ್ದೆವು. ಆ ಪುಸ್ತಕದಲ್ಲಿ ಎಣ್ಣೆ, ಅಕ್ಕಿ, ಬೇಳೆ, ಉಪ್ಪುಗಳ ಹೆಸರು ಇದ್ದವು. ರೊಟ್ಟಿಯ ಹೆಸರು ಇರಲಿಲ್ಲ. ಅದು ಪುಕ್ಕಟೆ ಬಂದದ್ದಲ್ಲವೆ?

ಸೂಟಿಗೆ ಊರಿಗೆ ಹೋದಾಗ ಒಮ್ಮೆ ಅವ್ವನನ್ನು ಕೇಳಿದೆ: “ವಾರಕ್ಕ ಎಷ್ಟ ರೊಟ್ಟಿ ಬಡೀತೀಬೇ ಅವ್ವಾ?”

ಅವಳು ತಿರುಗಿ ನೋಡದೆ ಹೇಳಿದಳು: “ಎಣಿಸಿಕೋತ ಕುಂತ್ರ ಮುಗೀತಾವೇನಪಾ? ಹಿಟ್ಟ ತೀರೂತನಕಾ ಬಡಿಯೂದು.”

ಅವಳು ಎಣಿಸಲಿಲ್ಲವಾದ್ದರಿಂದ ನಾನೇ ಎಣಿಸಿದೆ. ನನ್ನೊಬ್ಬನ ಬುತ್ತಿಗೆ ದಿನಕ್ಕೆ ಆರರಂತೆ ವಾರಕ್ಕೆ ೪೨ ರೊಟ್ಟಿ. ಮನೆಯಲ್ಲಿ ಏಳು ಜನ. ತಲೆಗೆ ಐದರಂತೆ ದಿನಕ್ಕೆ ೩೫, ವಾರಕ್ಕೆ ೨೪೫. ಒಟ್ಟು ೨೮೭. ಬಡಿದು ಬೇಯಿಸಲು ಒಂದಕ್ಕೆ ಮೂರು ನಿಮಿಷ ಹಿಡಿದರೂ ವಾರಕ್ಕೆ ಹದಿನಾಲ್ಕು ತಾಸು ಮೀರಿತು. ಇದು ಹೊಗೆಯ ಮುಂದೆ ಕುಳಿತ ಸಮಯವಷ್ಟೇ. ಜೋಳ ಹಸನು ಮಾಡಿದ್ದು, ನೀರು ಹೊತ್ತದ್ದು, ಕುಳ್ಳು ತಟ್ಟಿದ್ದು ಇದರಲ್ಲಿ ಸೇರಿಲ್ಲ. ನನ್ನ ಅವ್ವನ ಕಾಲಕ್ಕೆ ಹಿಟ್ಟಿನ ಗಿರಣಿ ಬಂದಿತ್ತು. ಅವಳ ಅತ್ತೆಯ ಕಾಲಕ್ಕೆ ಬೀಸುವ ಕಲ್ಲೇ ಗತಿ. ಕೋಳಿ ಕೂಗುವ ಮೊದಲೇ ಎದ್ದು ಬೀಸಿದರೆ ಮಾತ್ರ ಆ ದಿನದ ರೊಟ್ಟಿ. ಹಲಸಂಗಿಯ ಗೆಳೆಯರು ಸಂಗ್ರಹಿಸಿ ಪ್ರಕಟಿಸಿದ ‘ಗರತಿಯ ಹಾಡು’ಗಳನ್ನು ನಾವು ಜಾನಪದ ಸಾಹಿತ್ಯವೆಂದು ಮೆಚ್ಚಿ ಓದುತ್ತೇವೆ. ಅಂಥ ಹಾಡುಗಳು ಹುಟ್ಟಿದ್ದು ಬೀಸುವ ಕಲ್ಲಿನ ಮುಂದೆ, ಅಷ್ಟು ಹೊತ್ತು ಒಂಟಿಯಾಗಿ ಕೈ ತಿರುಗಿಸುವ ಬೇಸರವನ್ನು ಕಳೆಯುವುದಕ್ಕೆ. ಅಗ್ಗದ ಊಟದ ಖರ್ಚನ್ನು ಬರೆದಿಟ್ಟ ದಾಖಲೆ ಯಾವುದಾದರೂ ಇದ್ದರೆ ಅದು ಇದೇ ಎಂದು ನನ್ನ ಎಣಿಕೆ.

ಆದ್ದರಿಂದ ಹಳೆಯ ಕಾಲದ ಸರಳ ಊಟ ಎಷ್ಟು ಅಗ್ಗವಾಗಿತ್ತೆಂದು ಯಾರಾದರೂ ಹೊಗಳಿದರೆ ನಾನು ಪೂರ್ತಿ ಒಪ್ಪಲಾರೆ. ಧಾನ್ಯ ಅಗ್ಗವಾಗಿತ್ತು, ಅದು ನಿಜ. ಅಡಿಗೆ ಅಗ್ಗವಾಗಿರಲಿಲ್ಲ. ಅದರ ಖರ್ಚು ರೂಪಾಯಿಯಲ್ಲಿ ಬೀಳದೆ ಹೆಂಗಸರ ಬೆನ್ನಿನ ಮೇಲೆ, ಕಣ್ಣಿನ ಮೇಲೆ ಬೀಳುತ್ತಿತ್ತು. ಧಾರವಾಡದಲ್ಲಿ ಓದಿ ಮಾಸ್ತರರು, ವಕೀಲರು, ಡಾಕ್ಟರರು ಆದ ಒಂದು ತಲೆಮಾರಿನ ವಿದ್ಯಾರ್ಥಿವೇತನವನ್ನು ಅಕ್ಷರ ಬಾರದ ತಾಯಂದಿರು ರೊಟ್ಟಿಯ ರೂಪದಲ್ಲಿ ಕೊಟ್ಟರು. ಜೋಳವಾಳಿಯ ಭಟನು ತನ್ನ ಒಡೆಯನ ಋಣವನ್ನು ನೆನೆದನು. ನಮ್ಮ ಋಣ ಯಾರದೆಂಬುದನ್ನು ನಾವು ಲೆಕ್ಕದ ಪುಸ್ತಕದಲ್ಲಿ ಬರೆಯಲೂ ಇಲ್ಲ.

ಈಗ ಕಾಲ ತಿರುಗಿದೆ. ಬಡವರಿಗೆ ಅಕ್ಕಿ ಸುಲಭವಾಗಿ ದೊರೆಯುತ್ತಿದೆ. ಎರಡನೆಯ ಮಹಾಯುದ್ಧದ ಕಾಲದ ರೇಶನ್ನಿನಿಂದ ಮೊದಲಾಗಿ, ೧೯೭೨ರ ಬರದ ಸುಮಾರಿಗೆ ಅಮೆರಿಕದಿಂದ ಬಂದ ಕೆಂಪು ಜೋಳ ಮಿಲೋವನ್ನು ದಾಟಿ, ೨೦೧೩ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯದವರೆಗೆ ಪಡಿತರವು ನಮ್ಮ ತಾಟನ್ನೇ ಬದಲಿಸಿದೆ. ಬರಗಾಲವೆಂದರೆ ಒಂದು ಪೌಂಡಿನ ಲೆಕ್ಕ ಹಾಕಿದ ಸರಕಾರದ ಕಾಲವನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಇದನ್ನು ಜರೆಯುವವರು ಹಸಿವನ್ನು ಕಂಡವರಲ್ಲ. ಆದರೆ ಅದರೊಡನೆ ಜೋಳದ ಹೊಲಗಳು ಕುಗ್ಗಿ ಹತ್ತಿ, ಗೋವಿನಜೋಳ, ಸೋಯಾ ಅವರೆಗಳು ಹಬ್ಬಿದವು. ಜೋಳವನ್ನು ಕೀಳಲು, ಬಡಿಯಲು ಆಳು ಸಿಗುವುದು ಕಷ್ಟವಾಯಿತು. ಇತ್ತೀಚಿನ ವರ್ಷಗಳಲ್ಲಿ ಹುಬ್ಬಳ್ಳಿಯ ಪೇಟೆಯಲ್ಲಿ ಒಳ್ಳೆಯ ಬಿಳಿಜೋಳ ಸಾಧಾರಣ ಅಕ್ಕಿಯ ಬೆಲೆಯನ್ನು ಮೀರಿ ನಿಂತದ್ದೂ ಉಂಟು. ೨೦೨೩ನ್ನು ಜಗತ್ತೇ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ಹಳ್ಳಿಯವರ ಜೋಳ ದೊಡ್ಡ ಅಂಗಡಿಯ ಗಾಜಿನ ಕಪಾಟನ್ನು ಏರಿತು.

ಇದರ ಜೊತೆಗೇ ಇನ್ನೊಂದು ಬದಲಾವಣೆ. ಹುಬ್ಬಳ್ಳಿ-ಧಾರವಾಡದ ಓಣಿಓಣಿಗಳಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿದು ಎಣಿಕೆಯ ಮೇಲೆ ಮಾರುತ್ತಾರೆ. ಕೆಲವರು ಸಂಘ ಕಟ್ಟಿಕೊಂಡಿದ್ದಾರೆ, ಕೆಲವರು ಯಂತ್ರ ಇಟ್ಟುಕೊಂಡಿದ್ದಾರೆ. ಪರೀಕ್ಷೆಗಳಿಗೆ ಓದಲು ಸಪ್ತಾಪುರದ ಕೋಣೆಗಳಲ್ಲಿ ತುಂಬಿಕೊಂಡಿರುವ ಹುಡುಗ ಹುಡುಗಿಯರು ಅವನ್ನು ಕೊಂಡು ತಿನ್ನುತ್ತಾರೆ. ಕೆಲವರಿಗೆ ಇಂದಿಗೂ ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತದೆ. “ಒಂದ ರೊಟ್ಟಿಗೆ ಇಷ್ಟ ರೊಕ್ಕ ಏನ್ರೀ, ಭಾಳ ತುಟ್ಟಿ ಆತು” ಎಂದು ನನ್ನ ವಾರಿಗೆಯ ಹಿರಿಯರು ಅಂಗಡಿಯ ಮುಂದೆ ಗೊಣಗುವುದನ್ನು ಕೇಳಿದ್ದೇನೆ. ನನಗೆ ಅದು ತುಟ್ಟಿಯೆನ್ನಿಸುವುದಿಲ್ಲ. ಎಷ್ಟೋ ಶತಮಾನ ಯಾರ ಖಾತೆಗೂ ಬೀಳದೆ ಹೋದ ಕೂಲಿ ಈಗ ಮೊದಲ ಸಲ ಬಿಲ್ಲಿನಲ್ಲಿ ಕಾಣಿಸಿಕೊಂಡಿದೆ. ಅದೂ ಪೂರ್ತಿಯಾಗಿ ಅಲ್ಲ.

ಹಾಗೆಂದು ಮನೆಯಲ್ಲಿ ಅಗ್ಗವಾಗಿ ಅಡಿಗೆ ಮಾಡಿ ಉಣ್ಣುವ ದಾರಿ ಮುಚ್ಚಿಲ್ಲ. ಎಂದಿಗಿಂತ ಇಂದು ಅದು ಸುಲಭ. ಅನಿಲದ ಒಲೆ ಇದೆ, ಕುಕ್ಕರು ಇದೆ, ಗಿರಣಿಯ ಹಿಟ್ಟು ಇದೆ. ಕಾಳು ರಾತ್ರಿ ನೆನೆಯಿಟ್ಟರೆ ಮುಂಜಾನೆ ಪಲ್ಲೆ ಬೇಗ ಬೇಯುತ್ತದೆ. ಚಟ್ನಿಪುಡಿ ತಿಂಗಳಿಗೊಮ್ಮೆ ಕುಟ್ಟಿದರೆ ಸಾಕು. ಜೋಳದ ನುಚ್ಚು, ಮಜ್ಜಿಗೆ, ಹಸಿ ಉಳ್ಳಾಗಡ್ಡಿ ಇದ್ದರೆ ಹೊಟ್ಟೆಗೂ ಸಮಾಧಾನ, ಕಿಸೆಗೂ ಸಮಾಧಾನ. ಆದರೆ ಆ ಕೆಲಸ ಮನೆಯ ಒಬ್ಬಳ ಮೇಲೆ ಬೀಳಬಾರದು. ಗಂಡಸರ ಕೈಗೆ ಹಿಟ್ಟು ಹತ್ತಿದರೆ ರೊಟ್ಟಿ ಕೆಡುವುದಿಲ್ಲ. ಕೋಣೆಯಲ್ಲಿ ಸ್ಟೋವು ಹೊತ್ತಿಸಿ ಬೆಳೆದ ನಾವು ನುಚ್ಚು ಬೇಯಿಸಲು ಕಲಿತೆವು. ಕೆಲಸ ಸಿಕ್ಕು ಮನೆ ಮಾಡಿದ ಮೇಲೆ ನಮ್ಮಲ್ಲಿ ಎಷ್ಟೋ ಜನ ಒಲೆಯ ದಾರಿಯನ್ನೇ ಮರೆತರು. ಇಂದಿನ ಹುಡುಗರು ಹಾಗೆ ಮರೆಯದಿರಲಿ. ತಿಂಗಳ ಲೆಕ್ಕ ಬರೆಯುವಾಗ ಎಣ್ಣೆ, ಅಕ್ಕಿ, ಬೇಳೆಗಳ ಕೆಳಗೆ ಇನ್ನೊಂದು ಸಾಲು ಬಿಟ್ಟು, ಯಾರು ಎಷ್ಟು ತಾಸು ಒಲೆಯ ಮುಂದ ನಿಂತರೆಂಬುದನ್ನೂ ಬರೆದಿಡಲಿ. ಆಗ ಊಟ ಅಗ್ಗವೋ ತುಟ್ಟಿಯೋ ಎಂಬುದು ತಾನಾಗಿಯೇ ತಿಳಿಯುತ್ತದೆ.